ತವರಿಲ್ಲದ ಪಾತ್ರ

ನಾನು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಕನ್ನಡಕ್ಕೆ ಉಪಪಠ್ಯವಾಗಿ ಒಂದು ಸಣ್ಣ ಕಾದಂಬರಿ ಇಟ್ಟಿದ್ದರು. ಹದಿಹರೆಯದ ಹುಡುಗ ಹುಡುಗಿಯರಿಗೆಂದೇ ಬರೆದದ್ದು ಎಂದು ಮುನ್ನುಡಿಯಲ್ಲಿ ಹೇಳಿತ್ತು. ತಾಯಿ ಸತ್ತ ಒಬ್ಬ ಹುಡುಗ, ಅವನಿಗೆ ಮಲತಾಯಿಯ ಕಾಟ. ಅವಳು ಅವನ ಪುಸ್ತಕಗಳನ್ನು ಒಲೆಗೆ ಹಾಕುತ್ತಾಳೆ, ದನದ ಕೊಟ್ಟಿಗೆಯಲ್ಲಿ ಕೂಡಿಹಾಕುತ್ತಾಳೆ, ಒಮ್ಮೆ ಸೌಟು ಕಾಯಿಸಿ ಕೈಗೆ ಬರೆ ಹಾಕುತ್ತಾಳೆ. ಹುಡುಗ ಊರು ಬಿಟ್ಟು ಓಡಿಹೋಗುತ್ತಾನೆ. ಪಟ್ಟಣದ ಅಚ್ಚುಕೂಟವೊಂದರ ಮುದುಕ ಯಜಮಾನರು ಅವನನ್ನು ಸಾಕುತ್ತಾರೆ. ಕೊನೆಗೆ ಅವನು ದೊಡ್ಡ ಮನುಷ್ಯನಾಗಿ ಊರಿಗೆ ಬರುತ್ತಾನೆ, ಮಲತಾಯಿ ಅವನ ಕಾಲಿಗೆ ಬೀಳುತ್ತಾಳೆ, ಅವನು ಕ್ಷಮಿಸುತ್ತಾನೆ.

ಮೇಷ್ಟ್ರು ಮೊದಲ ಅಧ್ಯಾಯ ಓದಿದ ದಿನ ತರಗತಿಯ ಹುಡುಗಿಯರೆಲ್ಲ ಒಂದಲ್ಲ ಒಂದು ನೆಪ ಮಾಡಿಕೊಂಡು ನನ್ನ ಕಡೆ ತಿರುಗಿ ನೋಡಿದರು. ತಾಯಿಯಿಲ್ಲದವರು ನಮ್ಮಲ್ಲಿ ಇನ್ನೂ ಒಬ್ಬಿಬ್ಬರಿದ್ದರು. ಮಲತಾಯಿ ಇದ್ದವಳು ಮಾತ್ರ ನಾನೊಬ್ಬಳೇ.

ನಮ್ಮ ಮನೆ ದಾವಣಗೆರೆಯ ಚೌಕಿಪೇಟೆಯ ಹಿಂದಿನ ಓಣಿಯಲ್ಲಿತ್ತು. ಅಪ್ಪನದು ಬಟ್ಟೆ ವ್ಯಾಪಾರ. ಅವ್ವ ತೀರಿಕೊಂಡಾಗ ನನ್ನದು ಇನ್ನೂ ಸ್ಲೇಟು ಹಿಡಿದು ಶಾಲೆಗೆ ಹೋಗುವ ವಯಸ್ಸು. ವರ್ಷ ತುಂಬುವುದರೊಳಗೆ ಹರಿಹರದಿಂದ ಚಿಕ್ಕವ್ವ ಬಂದಳು. ಆಗ ಅವಳಿಗೂ ಇಪ್ಪತ್ತು ಆಗಿರಲಿಲ್ಲ. ಅವಳು ಬರುವ ಮುಂಚೆಯೇ ಅಜ್ಜಿ ನನಗೆ ಬುದ್ಧಿ ಹೇಳಿಟ್ಟಿದ್ದಳು: "ಕೊಟ್ಟಷ್ಟು ಉಣ್ಣು, ಮತ್ತ ಕೇಳಬ್ಯಾಡ. ಏನಾರ ಅಂದ್ರೆ ನನ್ನ ಮುಂದ ಹೇಳು." ಹೇಳುವಂಥದ್ದು ಏನೂ ಆಗಲಿಲ್ಲ. ಚಿಕ್ಕವ್ವ ನನಗೆ ಒಂದು ದಿನವೂ ಹೊಡೆಯಲಿಲ್ಲ, ಬೈಯಲಿಲ್ಲ. ತಲೆ ಬಾಚಲೂ ಇಲ್ಲ. ಅದು ಅಜ್ಜಿಯ ಕೆಲಸವಾಗಿತ್ತು. ರೈಲಿನ ಒಂದೇ ಡಬ್ಬಿಯಲ್ಲಿ ಎದುರುಬದುರು ಕೂತ ಅಪರಿಚಿತರು ಒಬ್ಬರ ಕಾಲು ಇನ್ನೊಬ್ಬರಿಗೆ ತಾಕದಂತೆ ಕೂರುತ್ತಾರಲ್ಲ, ನಾವಿಬ್ಬರೂ ಒಂದು ಮನೆಯಲ್ಲಿ ಹಾಗೆ ಇದ್ದೆವು. ನಾನು ಅವಳಿಗೆ 'ನೀವು' ಎನ್ನುತ್ತಿದ್ದೆ. ಅವಳಿಗೆ ಮಕ್ಕಳಾಗಿರಲಿಲ್ಲ.

ಅವಳಿಗೆ ಓದುವ ಹುಚ್ಚಿತ್ತು. ಕಿರಾಣಿ ಸಾಮಾನು ಕಟ್ಟಿ ಬಂದ ಪೇಪರನ್ನು ಒಗೆಯುವ ಮುಂಚೆ ಎರಡೂ ಮಗ್ಗುಲು ಓದುತ್ತಿದ್ದಳು. ಹೀಗಾಗಿ ಆ ಉಪಪಠ್ಯ ಕೈಗೆ ಬಂದ ದಿನವೇ ನಾನು ಅದಕ್ಕೆ ಕಂದು ಕಾಗದದ ರಟ್ಟು ಹಾಕಿ, ಹೆಸರು ಬರೆಯದೆ, ಟ್ರಂಕಿನಲ್ಲಿ ಲಂಗದ ಕೆಳಗೆ ಇಟ್ಟೆ. ಅವಳಿಗೆ ನೋವಾದೀತು ಎಂದು ಇಟ್ಟೆನೋ, ಅದನ್ನು ಓದಿ ಹೊಸ ಪಾಠ ಕಲಿತಾಳು ಎಂದು ಇಟ್ಟೆನೋ ಈಗ ಖಚಿತವಾಗಿ ಹೇಳಲಾರೆ. ಎರಡೂ ಇರಬಹುದು.

ಮೇಷ್ಟ್ರಿಗೆ ಪಾತ್ರಗಳೆಂದರೆ ಬಹಳ ಪ್ರೀತಿ. ಯಾವ ಪಾತ್ರದ ಬಗ್ಗೆ ಪ್ರಶ್ನೆ ಬಂದರೂ ಗುಣ, ಅವಗುಣ, ನಾವು ಕಲಿಯಬೇಕಾದ ನೀತಿ ಎಂದು ಭಾಗ ಮಾಡಿ ಬರೆಯಬೇಕೆಂದು ಹೇಳಿಕೊಟ್ಟಿದ್ದರು. ಮಲತಾಯಿಯ ಪಾತ್ರ ಬರೆಸುವಾಗ 'ಗುಣ' ಎಂದು ಬೋರ್ಡಿನ ಮೇಲೆ ಬರೆದು ಅದರ ಮುಂದೆ ಒಂದು ಅಡ್ಡಗೆರೆ ಎಳೆದರು. ನಾವೂ ಗೆರೆ ಎಳೆದುಕೊಂಡೆವು.

ಚಳಿಗಾಲ ಮುಗಿಯುತ್ತ ಬಂದಿತ್ತು. ಪರೀಕ್ಷೆ ಹತ್ತಿರವಿರುವಾಗಲೇ ನನಗೆ ಮೈಮೇಲೆ ಅಮ್ಮ ಎದ್ದಿತು. ಡಾಕ್ಟರು ದಡಾರ ಎಂದರು, ಬೆಳಕಿಗೆ ಕಣ್ಣು ಬಿಡಬಾರದು, ಓದಲೇಬಾರದು ಎಂದರು. ಅಜ್ಜಿ ಹಾಸಿಗೆಯ ಸುತ್ತ ಬೇವಿನ ಸೊಪ್ಪು ಹರಡಿ, ಕಿಟಕಿಗೆ ಕಂಬಳಿ ಕಟ್ಟಿ, ಮನೆಯಲ್ಲಿ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದಳು. ನಾನು ಪರೀಕ್ಷೆ ಹೋಯಿತೆಂದು ಅಳುತ್ತ ಮಲಗಿದ್ದೆ.

ಚಿಕ್ಕವ್ವ ಬಾಗಿಲಲ್ಲಿ ಬಂದು ನಿಂತಳು. "ಅಳಬ್ಯಾಡ, ಕಣ್ಣು ಕೆಡ್ತಾವೆ. ನಾನು ಓದ್ತೀನಿ, ನೀನು ಕೇಳು."

ಹೀಗೆ ಶುರುವಾಯಿತು. ಊಟದ ಪಾತ್ರೆ ತೊಳೆದಿಟ್ಟು ಅವಳು ಬಾಗಿಲ ಸಂದಿಯಿಂದ ಬರುವ ಬೆಳಕಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತು ಓದುತ್ತಿದ್ದಳು. ಇತಿಹಾಸ ಓದಿದಳು, ಭೂಗೋಳ ಓದಿದಳು. ಎಂಟನೇ ಇಯತ್ತೆಗೇ ಶಾಲೆ ಬಿಟ್ಟವಳು, ಆದರೂ ಓದು ಸ್ಪಷ್ಟವಾಗಿತ್ತು. ಕನ್ನಡ ಪಠ್ಯವೂ ಮುಗಿಯಿತು. ಒಂದು ಮಧ್ಯಾಹ್ನ ಬಂದು, "ಇನ್ನೊಂದು ಐತಲ್ಲ, ಕಂದು ಕಾಗದದ್ದು," ಎಂದಳು.

"ಅದು ಬ್ಯಾಡ್ರಿ, ಅದು ಮುಖ್ಯ ಅಲ್ಲ."

"ಟ್ರಂಕಿನ್ಯಾಗ ಕೆಳಗ ಇಟ್ಟೀಯಲ್ಲ, ಮುಖ್ಯ ಇಲ್ಲದ್ದನ್ನ ಯಾರಾರ ಹಂಗೆ ಇಡ್ತಾರೇನು?" ಎಂದು ತಾನೇ ತೆಗೆದುಕೊಂಡು ಬಂದು ಕೂತಳು.

ನಾನು ಕಣ್ಣು ಮುಚ್ಚಿಕೊಂಡು ಮಲಗಿದೆ. ಮುಚ್ಚಿರಬೇಕೆಂದು ಡಾಕ್ಟರು ಹೇಳಿದ್ದು ಆಗ ಅನುಕೂಲವೇ ಆಯಿತು. ಮೊದಲ ಅಧ್ಯಾಯದಲ್ಲಿ ಮಲತಾಯಿ ಗಾಡಿಯಿಂದ ಇಳಿಯುತ್ತಾಳೆ. ಮಲತಾಯಿ ಮೊದಲ ಸಲ ಬಾಯಿ ತೆರೆದು ಹುಡುಗನನ್ನು ಗದರಿಸುವ ಮಾತು ಬಂದಾಗ ಚಿಕ್ಕವ್ವ ಅದನ್ನು ಓದಲಿಲ್ಲ, ಗದರಿಸಿದಳು. ಅಂಥ ದನಿ ಅವಳ ಗಂಟಲಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಅಜ್ಜಿ, "ಯಾಕ, ಏನಾತು?" ಎಂದು ಓಡಿಬಂದಳು.

"ಏನಿಲ್ಲತ್ತಿ, ಪಾಠ," ಎಂದಳು ಚಿಕ್ಕವ್ವ.

ಅಜ್ಜಿ ಹೋದ ಮೇಲೆ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. ನಾವಿಬ್ಬರು ಒಂದೇ ಕಾರಣಕ್ಕೆ ಒಟ್ಟಿಗೆ ನಕ್ಕಿದ್ದು ಅದೇ ಮೊದಲಿರಬೇಕು.

ಆಮೇಲೆ ಅವಳು ಆ ಪುಸ್ತಕವನ್ನು ಹಬ್ಬದಂತೆ ಓದಿದಳು. ಹುಡುಗ ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ. "ಬರೇ ಅಳತಾನಲ್ಲೇ ಇವನು! ಅಪ್ಪಗ ಒಂದು ಮಾತು ಹೇಳಬಾರದಾ? ಆ ಅಪ್ಪ ಆದ್ರೂ ಎಲ್ಲಿಗೆ ಹೋಗ್ಯಾನೆ? ಒಂದೇ ಮನಿಯಾಗಿದ್ದು ಅವಗ ಏನೂ ಕಾಣ್ಸಲ್ಲಂತೇನು?" ಮಲತಾಯಿ ಬಂದ ಕೂಡಲೇ ಮಾತ್ರ ನೆಟ್ಟಗೆ ಕೂರುತ್ತಿದ್ದಳು. "ಈ ಪುಸ್ತಕದಾಗ ಕೈಕಾಲು ಆಡಿಸೋಳು ಇಕಿ ಒಬ್ಬಾಕಿನೇ ನೋಡು. ಉಳಿದೋರೆಲ್ಲ ಕೂತಲ್ಲೇ ಕೂತಾರೆ."

ಸೌಟು ಕಾಯಿಸುವ ಭಾಗ ಬಂದಾಗ ಮಾತ್ರ ಅವಳು ಪುಸ್ತಕ ಮಡಚಿದಳು. "ಇದು ಸುಳ್ಳು. ಯಾರೂ ಹಂಗೆ ಮಾಡಲ್ಲ. ಕಥಿ ರುಚಿ ಆಗ್ಲಿ ಅಂತ ಬರ್ದಾನೆ." ಆಮೇಲೆ ಕೇಳಿದಳು: "ಇಕಿ ತವರು ಯಾವುದಂತೆ? ಹಿಂದ ಎಲ್ಯಾರ ಬಂದೈತೇನು?"

ನಾನು ನೆನಪಿಸಿಕೊಂಡೆ. ಎಲ್ಲಿಯೂ ಬಂದಿರಲಿಲ್ಲ. ಹುಡುಗನ ಸತ್ತ ತಾಯಿಯ ಊರಿತ್ತು, ಅಚ್ಚುಕೂಟದ ಮುದುಕರ ಊರಿತ್ತು, ಹುಡುಗ ಹತ್ತಿ ಹೋದ ಗಾಡಿಯವನ ಊರೂ ಇತ್ತು. ಮಲತಾಯಿಗೆ ಊರೂ ಇರಲಿಲ್ಲ, ಹೆಸರೂ ಇರಲಿಲ್ಲ.

"ಇಲ್ಲ," ಎಂದೆ.

"ಮತ್ತ ಎಲ್ಲಿಂದ ಬಂದ್ಲು? ಆಕಾಶದಿಂದ ಉದುರಿದ್ಲೇನು? ಹಬ್ಬಕ್ಕೂ ಯಾರೂ ಕರಿಯೋಕೆ ಬರಲಿಲ್ಲ ಅಂದ್ರೆ ಆಕಿಗೂ ತಲಿ ಕೆಟ್ಟಿರ್ತೈತೆ," ಎಂದು ಎದ್ದು ಒಲೆಯ ಕಡೆ ಹೋದಳು.

ನಾನು ಗುಣವಾಗಿ ಶಾಲೆಗೆ ಹೋದ ಮೇಲೆ, ನನಗೆ ತಪ್ಪಿಹೋಗಿದ್ದ ಪ್ರಬಂಧಗಳನ್ನು ಬರೆದು ತರಲು ಮೇಷ್ಟ್ರು ಹೇಳಿದರು. ಮಲತಾಯಿಯ ಪಾತ್ರಕ್ಕೆ ನಾನು ಬೋರ್ಡಿನ ಮೇಲಿನ ಅಡ್ಡಗೆರೆ ಬಿಟ್ಟು ಬೇರೆಯೇ ಬರೆದೆ. ಇಡೀ ಕಥೆ ನಡೆಯುವುದು ಇವಳು ಮಾಡುವ ಕೆಲಸಗಳಿಂದ, ಆದರೆ ಇವಳು ಅವನ್ನು ಯಾಕೆ ಮಾಡುತ್ತಾಳೆಂದು ಯಾರೂ ಕೇಳುವುದಿಲ್ಲ. ತಂದೆ ಎನ್ನುವವನು ಎಲ್ಲವನ್ನೂ ನೋಡಿಯೂ ಒಳ್ಳೆಯವನಾಗಿ ಉಳಿಯುತ್ತಾನೆ. ಇಂಥ ಕಥೆಗಳಲ್ಲಿ ಹುಡುಗರು ದೊಡ್ಡವರಾಗಬೇಕಾದರೆ ತಾಯಿ ಸಾಯಲೇಬೇಕೆಂದು ಕಾಣುತ್ತದೆ. ಹೀಗೆ ಏನೇನೋ ಬರೆದೆ. ಮೇಷ್ಟ್ರು ಓದಿ ಕನ್ನಡಕ ತೆಗೆದರು.

"ಚೆನ್ನಾಗಿ ಬರ್ದೀಯ. ಪರೀಕ್ಷೆಯಲ್ಲಿ ಮಾತ್ರ ಹೀಗೆ ಬರೀಬೇಡ. ಅಲ್ಲಿ ಪುಸ್ತಕದಲ್ಲಿ ಇದ್ದದ್ದು ಬರಿ, ಇಲ್ಲದ್ದು ಬರೀಬೇಡ," ಎಂದರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಕೆಲವು ದಿನಗಳಲ್ಲಿ ಅವರೇ ನನ್ನನ್ನು ಕರೆದು ಒಂದು ಸುದ್ದಿ ಹೇಳಿದರು. ಹರಿಹರದ ಒಂದು ಶಾಲೆಯ ವಾರ್ಷಿಕ ಸಮಾರಂಭಕ್ಕೆ ಆ ಕಾದಂಬರಿ ಬರೆದವರೇ ಅತಿಥಿಯಾಗಿ ಬರುತ್ತಾರೆ, ಸುತ್ತಲಿನ ಶಾಲೆಗಳಿಂದ ಒಬ್ಬೊಬ್ಬರು ಪುಸ್ತಕದ ಬಗ್ಗೆ ಮಾತಾಡಬೇಕು, ನಮ್ಮ ಶಾಲೆಯಿಂದ ನೀನು ಹೋಗು. ಅಪ್ಪ ಒಬ್ಬಳನ್ನೇ ಕಳಿಸುವವರಲ್ಲ. "ಹರಿಹರ ಅಂದ್ರೆ ನಾನು ಕರ್ಕೊಂಡು ಹೋಗ್ತೀನಿ. ರಾತ್ರಿ ನಮ್ಮ ಮನಿಯಾಗ ಇದ್ದು ಬರ್ತೀವಿ," ಎಂದು ಚಿಕ್ಕವ್ವ ಕೂಡಲೇ ಹೇಳಿದಳು.

ಅವಳ ತವರುಮನೆಗೆ ನಾನು ಹೋದದ್ದು ಅದೇ ಮೊದಲು. ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ಕಲ್ಲಿನ ಕಟ್ಟೆಯ ಮನೆ. ಅವಳ ತಾಯಿ, ಬೆಲ್ಲದ ಅಂಗಡಿ ಮತ್ತು ಹೊಲ ನೋಡಿಕೊಳ್ಳುವ ತಮ್ಮ, ಇಬ್ಬರೇ ಇದ್ದರು. ಅಲ್ಲಿ ಕಾಲಿಟ್ಟದ್ದೇ ಚಿಕ್ಕವ್ವ ಬೇರೆ ಹೆಂಗಸಾದಳು. ದೊಡ್ಡ ದನಿಯಲ್ಲಿ ಮಾತಾಡಿದಳು. ಉಪ್ಪಿನಕಾಯಿ ಜಾಡಿಯನ್ನು ಎತ್ತಿಟ್ಟಿದ್ದಕ್ಕೆ ತಮ್ಮನ ಜೊತೆ ಜಗಳವಾಡಿದಳು. ತಾಯಿಯ ಮುಂದೆ ಕಾಲು ಚಾಚಿ ಕೂತು ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ನಮ್ಮ ಮನೆಯಲ್ಲಿ ಅವಳು ಕಾಲು ಚಾಚಿ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೆ ಅದು ವಿಚಿತ್ರವಾಗಿ ಕಂಡಿತು, ಅಷ್ಟೇ. ಅರ್ಥ ಹಚ್ಚುವ ವಯಸ್ಸು ಇನ್ನೂ ಆಗಿರಲಿಲ್ಲ.

ಸಮಾರಂಭ ಶಾಲೆಯ ಅಂಗಳದಲ್ಲಿ ಸಂಜೆಯ ಬಿಸಿಲಿಗೆ ಶಾಮಿಯಾನ ಕಟ್ಟಿ ನಡೆಯಿತು. ಕಾದಂಬರಿಕಾರರು ತೆಳ್ಳಗಿನ, ಬಗ್ಗಿದ ಬೆನ್ನಿನ ಮನುಷ್ಯ. ಆ ಸೆಕೆಯಲ್ಲೂ ಶಾಲು ಹೊದ್ದಿದ್ದರು. ಭಾಷಣಗಳನ್ನು ತಲೆತಗ್ಗಿಸಿ ಕೇಳಿದರು. ನಾನು ಮೇಷ್ಟ್ರು ತಿದ್ದಿಕೊಟ್ಟ ಭಾಷಣವನ್ನೇ ಒಪ್ಪಿಸಿದೆ. ಚಪ್ಪಾಳೆ ಬಿತ್ತು. ಕೊನೆಯಲ್ಲಿ ಅವರು, "ಮಕ್ಕಳೇನಾದರೂ ಕೇಳುವುದಿದ್ದರೆ ಕೇಳಲಿ," ಎಂದರು. ಯಾರೂ ಏಳಲಿಲ್ಲ. ನಾನು ಎದ್ದೆ.

"ಆ ಮಲತಾಯಿಯ ತವರು ಯಾವುದು ಸಾರ್?"

ಜನ ನಕ್ಕರು. ಮೇಷ್ಟ್ರು ಕೂತಲ್ಲೇ ಅಲುಗಾಡಿದರು. ಕಾದಂಬರಿಕಾರರು ನಗಲಿಲ್ಲ. ಮೈಕಿನ ಹತ್ತಿರ ಬಂದರು.

"ಅದನ್ನು ಯಾರೂ ಕೇಳಿರಲಿಲ್ಲ, ತಂಗಿ. ನನಗೆ ಆ ಊರು ಗೊತ್ತು. ಆ ಊರಿನ ಕಡೆಯಿಂದ ಗಾಡಿ ಬಂದರೆ ಸಾಕು, ನಾನು ಹಿತ್ತಲಿಗೆ ಓಡುತ್ತಿದ್ದೆ. ಇಷ್ಟು ವಯಸ್ಸಾಗಿದೆ, ಇವತ್ತಿಗೂ ಆ ಊರಿಗೆ ಹೋಗಿಲ್ಲ. ಬರೆಯುವಾಗ ಅದರ ಹೆಸರು ಬರೆಯಲು ಕೈ ಬರಲಿಲ್ಲ."

ಮೈಕನ್ನು ಸರಿಮಾಡಲು ಅವರು ಎಡಗೈ ಎತ್ತಿದಾಗ ಶಾಲು ಸರಿಯಿತು. ಮಣಿಕಟ್ಟಿನ ಮೇಲೆ ಹಳೆಯ ಬರೆಯ ಗುರುತು ಮಿರಮಿರ ಹೊಳೆಯುತ್ತಿತ್ತು. ಮುಂದಿನ ಸಾಲುಗಳಲ್ಲಿ ಇದ್ದವರಿಗೆಲ್ಲ ಕಂಡಿರಬೇಕು. ಅವರು ಶಾಲು ಎಳೆದುಕೊಂಡು, ನನಗೆ ಕೂರಲು ಸನ್ನೆ ಮಾಡಿ, "ಕೇಳಿದ್ದು ಒಳ್ಳೆಯದಾಯಿತು," ಎಂದು ಹೇಳಿ ತಮ್ಮ ಕುರ್ಚಿಗೆ ಹೋದರು.

ಹೆಂಗಸರ ಕಡೆ ಕೂತಿದ್ದ ಚಿಕ್ಕವ್ವನೂ ಅದನ್ನು ನೋಡಿದ್ದಳು. ಇಬ್ಬರೂ ಮನೆಯ ಕಡೆ ನಡೆದೆವು. ಹೊಳೆಯ ಗಾಳಿ ಬೀಸುವ ತಿರುವಿನಲ್ಲಿ ನಿಂತು, "ಸುಳ್ಳು ಅಂದಿದ್ದೆ ನಾನು," ಎಂದಳು.

"ನನಗೂ ಹಂಗೇ ಅನ್ಸಿತ್ತು."

"ನೀನು ಕೇಳಿದ್ದು ತಪ್ಪಲ್ಲ. ಆದ್ರೆ ಏಟು ತಿಂದವನಿಗೆ ಹೊಡೆದೋಳ ಊರು ಕೇಳಬಾರದು. ಅದನ್ನ ಬ್ಯಾರೆ ಯಾರಾರ ಬರೀಬೇಕು, ಅವನಲ್ಲ."

ನನಗೆ ಸಂಕಟವಾಗಿತ್ತು. ನಾನು ಗೆದ್ದೆನೆಂದುಕೊಂಡು ಎದ್ದವಳು, ಕೂರುವಾಗ ಏನು ಗೆದ್ದೆನೆಂದು ತಿಳಿಯದೆ ಕೂತಿದ್ದೆ. ಮಲತಾಯಂದಿರನ್ನು ಬರೆಯುವವರೆಲ್ಲ ಸುಳ್ಳು ಬರೆಯುತ್ತಾರೆ ಎಂಬ ನನ್ನ ಹೊಸ ಸಿದ್ಧಾಂತ ಒಂದು ಕೈಯ ಗುರುತಿಗೆ ಬಿದ್ದುಹೋಗಿತ್ತು. ಆದರೂ ಚಿಕ್ಕವ್ವ ಕೇಳಿದ ಪ್ರಶ್ನೆ ಬಿದ್ದಿರಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಗುಣ, ಅವಗುಣ, ನೀತಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಪರೀಕ್ಷೆಯಲ್ಲಿ ಹುಡುಗನ ಪಾತ್ರದ ಬಗ್ಗೆ ಪ್ರಶ್ನೆ ಬಂತು. ಪುಸ್ತಕದಲ್ಲಿ ಇದ್ದದ್ದನ್ನು ಬರೆದು ಬಂದೆ. ಪಾಸಾದೆ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಚಿಕ್ಕವ್ವ ಒಳ್ಳೆಯವಳಾಗಿಬಿಡುತ್ತಾಳೆ, ನಾವಿಬ್ಬರೂ ಸುಖವಾಗಿ ಇದ್ದೆವು ಎಂದಾಗುತ್ತದೆ. ಹಾಗಾಗಲಿಲ್ಲ. ಫಲಿತಾಂಶ ಬಂದ ವಾರದಲ್ಲೇ ಅವಳು ನನ್ನನ್ನು ತನ್ನ ತಮ್ಮನಿಗೆ ಕೊಡುವ ಮಾತು ತೆಗೆದಳು. ಅಜ್ಜಿಗೆ ಒಪ್ಪಿಗೆಯಿತ್ತು. ಗೊತ್ತಿರುವ ಮನೆ, ಹತ್ತಿರದ ಊರು, ಬೇಕೆಂದಾಗ ರೈಲು. ಅಪ್ಪ ಯೋಚಿಸಿ ಹೇಳುತ್ತೇನೆ ಎಂದರು. ಅಪ್ಪ ಯಾವಾಗಲೂ ಯೋಚಿಸಿ ಹೇಳುತ್ತೇನೆ ಎನ್ನುವವರು. ಪುಸ್ತಕದ ತಂದೆಯ ಮೇಲೆ ಚಿಕ್ಕವ್ವನಿಗೆ ಅಷ್ಟೊಂದು ಸಿಟ್ಟು ಯಾಕೆ ಬಂದಿತ್ತೆಂದು ನನಗೆ ಆಗ ಸ್ವಲ್ಪ ತಿಳಿಯಿತು.

ನಾನು ಕಾಲೇಜಿಗೆ ಹೋಗುತ್ತೇನೆಂದೆ. ಚಿಕ್ಕವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ನನ್ನ ತಮ್ಮಗ ಏನು ಕಡಿಮಿ ಆಗೈತೆ?" ಎಂದಳು, ತಲೆಯೆತ್ತದೆ.

"ಏನೂ ಕಡಿಮಿ ಇಲ್ಲ."

"ಹಂಗಾರೆ?"

"ನಾನು ಓದಬೇಕು."

"ಓದು. ಬ್ಯಾಡ ಅಂದೋರು ಯಾರು? ಮದುವಿ ಆಗಿ ಅಲ್ಲಿಂದ ಓದು. ನಮ್ಮ ಮನ್ಯಾಗ ಯಾರೂ ತಡಿಯಲ್ಲ."

"ನಿನಗೂ ಹಂಗೇ ಹೇಳಿ ಇಲ್ಲಿಗೆ ಕಳಿಸಿದ್ದರಲ್ಲೇನು?"

ಹರಿಹರದಲ್ಲಿ ಅವಳ ತಾಯಿ, ಮಗಳಿಗೆ ಎಣ್ಣೆ ಹಚ್ಚುತ್ತ, ಬೇರೇನೋ ಮಾತಿನ ನಡುವೆ ಹೇಳಿದ್ದು ಅದು: "ಮುಂದ ಓದ್ತೀನಿ ಅಂತ ಅಳತಿದ್ಲು, ಗಂಡನ ಮನಿಯಾಗ ಓದಿಸ್ತಾರೆ ಅಂತ ಸಮಾಧಾನ ಮಾಡಿ ಕಳಿಸಿದ್ವಿ." ನಾನು ಅದನ್ನು ಕೇಳಿಸಿಕೊಂಡಿದ್ದೇನೆಂದು ಚಿಕ್ಕವ್ವನಿಗೆ ಗೊತ್ತಿರಲಿಲ್ಲ. 'ನಿಮಗೂ' ಎನ್ನುವ ಬದಲು 'ನಿನಗೂ' ಎಂದು ಬಾಯಿಗೆ ಬಂದದ್ದು ನನಗೂ ಗೊತ್ತಾಗಿರಲಿಲ್ಲ, ಬಂದ ಮೇಲೆ ತಿಳಿಯಿತು. ಅವಳು ಮೊರ ಕೆಳಗಿಟ್ಟು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವರು ಮತ್ತೊಮ್ಮೆ ಮೊದಲಿನಿಂದ ನೋಡುತ್ತಾರಲ್ಲ, ಹಾಗೆ ನೋಡಿದಳು. ಎದ್ದು ಒಳಗೆ ಹೋದಳು.

ಆ ಬೇಸಿಗೆಯೆಲ್ಲ ನಮ್ಮ ನಡುವೆ ಮಾತಿರಲಿಲ್ಲ. ಉಣ್ಣಲು ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ. ಅಜ್ಜಿ ಇಬ್ಬರನ್ನೂ ನೋಡಿ, "ಈಗ ಸರಿಯಾಗಿ ಮಲತಾಯಿ ಮಗಳು ಆದ್ರಿ ನೋಡು," ಎಂದಳು.

ಮಳೆಗಾಲದಲ್ಲಿ ಅಪ್ಪ ನನ್ನನ್ನು ಊರಿನ ಕಾಲೇಜಿಗೆ ಸೇರಿಸಿದರು. ಚಿಕ್ಕವ್ವ ಅಪ್ಪನಿಗೆ ಏನಾದರೂ ಹೇಳಿದಳೋ, ಇಲ್ಲ ಅಪ್ಪ ತಾವೇ ಯೋಚಿಸಿ ಮುಗಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ. ಕಾದಂಬರಿಯಲ್ಲಾದರೆ ನಾನು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ನಮ್ಮ ಮನೆಯ ಬಾಗಿಲುಗಳು ದಪ್ಪ ತೇಗದವು, ಆಚೆಯದು ಈಚೆಗೆ ಕೇಳಿಸುತ್ತಿರಲಿಲ್ಲ. ನಾನು ಕೇಳಲೂ ಇಲ್ಲ. ಕಾಲೇಜಿನ ಲೈಬ್ರರಿಯಿಂದ ಮೊದಲ ಪುಸ್ತಕ ತಂದ ದಿನ ಅದನ್ನು ನಡುಮನೆಯ ಗೂಡಿನಲ್ಲಿ ಬಿಟ್ಟು ಹೋಗಿದ್ದೆ. ಸಂಜೆ ಬಂದಾಗ ಚಿಕ್ಕವ್ವ ಅದರ ನಡುವೆ ಒಂದು ಬೆರಳಿಟ್ಟುಕೊಂಡು, "ಇದರಾಗ ಬರೇ ಮಾತು, ಯಾರೂ ಏನೂ ಮಾಡಲ್ಲ. ಬ್ಯಾರೆದು ತಗೊಂಡು ಬಾ," ಎಂದಳು. ಅಷ್ಟಕ್ಕೆ ಮಾತು ಮತ್ತೆ ಶುರುವಾಯಿತು.

ನಾನು ಕಾಲೇಜಿನ ಎರಡನೆಯ ವರ್ಷದಲ್ಲಿರುವಾಗ ಅವಳ ತಮ್ಮನಿಗೆ ಹತ್ತಿರದ ಕೊಂಡಜ್ಜಿ ಊರಿನ ಹುಡುಗಿಯ ಜೊತೆ ಮದುವೆ ಗೊತ್ತಾಯಿತು. ಅಲ್ಲಿಯ ಕೆರೆಯ ಹತ್ತಿರ ಹುಡುಗಿಯ ಮನೆಯ ಮುಂದೆ ಚಪ್ಪರ ಹಾಕಿದ್ದರು. ನಾವೆಲ್ಲ ಹರಿಹರದಿಂದ ಗಾಡಿ ಕಟ್ಟಿಕೊಂಡು ಹೋದೆವು. ನನಗೆ ಮುಜುಗರವಾಗಬಹುದೆಂದು ಅಜ್ಜಿ ಅಂದುಕೊಂಡಿದ್ದಳು, ಹಾಗೇನೂ ಆಗಲಿಲ್ಲ. ಮದುಮಗ ನನ್ನನ್ನು ನೋಡಿ, ಉಳಿದವರಿಗೆಲ್ಲ ಹೇಳಿದ ಹಾಗೆಯೇ ನನಗೂ ಊಟ ಮಾಡಿ ಹೋಗಬೇಕೆಂದು ಹೇಳಿದ. ಹುಡುಗಿ ನನಗಿಂತ ಚಿಕ್ಕವಳು. ಬಾಸಿಂಗದ ಕೆಳಗೆ ಬೆವರುತ್ತ ಕೂತಿದ್ದಳು. ಓದು ಬರುತ್ತದೋ ಇಲ್ಲವೋ ಎಂದು ನನಗೆ ಅನಿಸಿತು. ಕೇಳುವ ಸಮಯ ಅದಲ್ಲ.

ಚಿಕ್ಕವ್ವ ವರನ ಅಕ್ಕನ ಗತ್ತಿನಲ್ಲಿ ಓಡಾಡುತ್ತಿದ್ದಳು. ಪಂಕ್ತಿಯಲ್ಲಿ ಬೀಗರ ಕಡೆಯ ಹೆಂಗಸೊಬ್ಬರು ನನ್ನನ್ನು ತೋರಿಸಿ, "ಈ ಹುಡುಗಿ ಯಾರ್ರಿ?" ಎಂದು ಕೇಳಿದರು.

"ನಮ್ಮ ಹುಡುಗಿ. ಕಾಲೇಜಿಗೆ ಹೋಗ್ತಾಳೆ," ಎಂದಳು ಚಿಕ್ಕವ್ವ. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಅಸಮಾಧಾನವೂ ಇತ್ತು. ಆಮೇಲೆ ನನ್ನ ಕಡೆ ತಿರುಗಿ, "ಸುಮ್ಮನೆ ನಿಂತೀಯಲ್ಲೇ, ಆ ಸಾಲಿಗೆ ನೀರು ಹಾಕು," ಎಂದಳು. ನಾನು ತಂಬಿಗೆ ತೆಗೆದುಕೊಂಡು ಹೋದೆ.